ರಿಪೇರಿಗೆ ಬಂದವರು

ಪೋರ್ತೊ ಊರಿನ ಇಳಿಜಾರು ಓಣಿಯಲ್ಲಿ
ಬೀಗ ರಿಪೇರಿಯವನಿಗೂ ಮೀನಿನಂಗಡಿಗೂ ನಡುವೆ
ನನ್ನದೊಂದು ಬಾಗಿಲು. ಬೋರ್ಡಿಲ್ಲ.
ಕಿಟಕಿಯಲ್ಲಿ ಒಂದು ಮರದ ಕೈ ನಿಲ್ಲಿಸಿದ್ದೇನೆ,
ಆಶೀರ್ವಾದದ ಕೈ, ಎರಡು ಬೆರಳಿಲ್ಲ.
ಬೇಕಾದವರಿಗೆ ಅಷ್ಟು ಸಾಕು.

ಮೂವತ್ತೊಂದು ವರ್ಷದಿಂದ ಸಂತರಿಗೆ ಮೂಗು ಕೂರಿಸುತ್ತಿದ್ದೇನೆ.
ಅಪ್ಪನಿಂದ ಬಂದ ಕಸುಬು, ಅಪ್ಪನಿಂದ ಬಂದ ಕೆಮ್ಮು.
ಮೊಲದ ಚರ್ಮದ ಅಂಟು ಕುದಿಯುವಾಗ
ಸ್ವರ್ಗವೂ ಒಂದಿಷ್ಟು ನಾರುತ್ತದೆ.

ನನಗೆ ಅವರ ಪವಾಡ ಗೊತ್ತಿಲ್ಲ, ಒಳಗಿನ ಟೊಳ್ಳು ಗೊತ್ತು.
ಲೂಸಿಯಮ್ಮನ ತಟ್ಟೆಯ ಮೇಲಿನ ಎರಡು ಕಣ್ಣು
ಗುಂಡಿಗಳ ಡಬ್ಬಿಗೆ ಬಿದ್ದು ಕಳೆದುಹೋಗಿ
ಇಡೀ ಭಾನುವಾರ ಹುಡುಕಿದ್ದೇನೆ;
ಕಳೆದದ್ದು ಕೊಡಿಸುವ ಅಂತೋನಿ ಪಕ್ಕದಲ್ಲೇ
ತಲೆಯಿಲ್ಲದೆ ಒಣಗುತ್ತಿದ್ದ.
ಲೊರೆನ್ಸು ತಾನು ಬೆಂದ ಕಬ್ಬಿಣದ ಜಾಲರಿಯನ್ನು
ಶಾಲೆಗೆ ಹೊರಟ ಹುಡುಗ ಚೀಲ ಹಿಡಿದಂತೆ ಹಿಡಿದಿರುತ್ತಾನೆ.
ಬಾರ್ತಲೊಮೆಯು, ಸುಲಿದ ತನ್ನ ಚರ್ಮವನ್ನೇ
ತೋಳಿನ ಮೇಲೆ ಕೋಟಿನ ಹಾಗೆ ಮಡಚಿಕೊಂಡು.
ಬರಿಗೈಯಲ್ಲಿ ಬರುವವರು ಕಡಿಮೆ ಇಲ್ಲಿಗೆ.
ನೋವು ಕೊಟ್ಟ ಸಾಮಾನು ಹೊತ್ತುಕೊಂಡೇ ಬರುತ್ತಾರೆ.
ಅದರಿಂದಲೇ ಗುರುತು, ಪೀಠದ ಮೇಲೆ ಹೆಸರು ಅಳಿಸಿದ್ದರೂ.

ಪಾದ್ರಿ ಎಲೀಸಿಯು ಫೋನು ಮಾಡಿದ್ದರು:
"ರೋಕನ ತೊಡೆಯ ಹುಣ್ಣಿಗೆ ಸ್ವಲ್ಪ ತಿಳಿಬಣ್ಣ ಹಚ್ಚು, ದೆವೊಲಿಂಡಾ,
ಮಕ್ಕಳು ಹೆದರುತ್ತಾರೆ."
ಆಯಿತು ಅಂದೆ. ದುಡ್ಡು ಕೊಡುವವರು ಅವರು.

ಅದೇ ವಾರ ಜುಲ್ಮೀರ ಬಂದಳು,
ಡಬ್ಬಿಮೀನಿನ ಕಾರ್ಖಾನೆಯವಳು, ಬೆರಳ ಸಂದಿಗಳಲ್ಲಿ ಉಪ್ಪಿನ ಬಿರುಕು.
ಸುತ್ತ ನೋಡಿ, "ನಾಯಿ ಎಲ್ಲಿ?" ಅಂದಳು.

ನಾಯಿ ಇರಲಿಲ್ಲ. ರೋಕನ ಕಾಲ ಬಳಿ
ಎರಡು ಪಂಜ, ಒಂದು ತುಕ್ಕು ಮೊಳೆ, ಅಷ್ಟೆ.
ಪ್ಲೇಗು ತಗುಲಿ ಕಾಡು ಸೇರಿದವನಿಗೆ
ದಿನಾ ರೊಟ್ಟಿ ಕಚ್ಚಿ ತಂದ ನಾಯಿ.
ಕಥೆ ಯಾರಿಗೆ ಗೊತ್ತಿಲ್ಲ?

ಅವಳು ಸ್ಟೂಲು ಎಳೆದು ಕೂತಳು. ಜ್ವರದ ವರ್ಷದ ಮಾತು ತೆಗೆದಳು:
ಹದಿನೇಳು ದಿನ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದು,
ತಂಗಿ ಫೋನಿನಲ್ಲೇ ಜಪಸರ ಹೇಳಿ ಮುಗಿಸಿದ್ದು,
ಮೇಲಿನ ಮಹಡಿಯ ಬೆಲ್ಮೀರು,
ಬಾಯಿ ಬಿಟ್ಟರೆ ಬೈಗುಳ, ಚರ್ಚಿನ ಮೆಟ್ಟಿಲು ಹತ್ತಿದವನಲ್ಲ,
ಅವಳ ಬೆಕ್ಕಿಗೆ ನೀರೆರಚಿದವನು,
ದಿನಾ ಬೆಳಿಗ್ಗೆ ಹಿಡಿಕೆಗೆ ರೊಟ್ಟಿಯ ಚೀಲ ಸಿಕ್ಕಿಸಿ
ಬಾಗಿಲಿಗೊಂದು ಒದೆ ಕೊಟ್ಟು ಹೋಗುತ್ತಿದ್ದನಂತೆ.
"ಬದುಕಿದೀಯೇನೆ, ಮುದಿ ಗೂಬೆ?"
ಉತ್ತರಕ್ಕೆ ಒಳಗಿನಿಂದ ಅವಳೂ ಒದೆಯುತ್ತಿದ್ದಳಂತೆ.

ಈಗ ಅವನಿಲ್ಲ. ಮಂಡಿಯ ಆಪರೇಶನ್ನಿಗೆ ಹೋದವನು ತಿರುಗಿ ಬರಲಿಲ್ಲ.
"ಅವನ ಹೆಸರಲ್ಲಿ ಬಲಿಪೂಜೆ ಬರೆಸಿದರೆ ಎದ್ದು ಬಂದು ಬೈತಾನೆ."
ತೋಳಲ್ಲಿ ಮೂಗು ಒರೆಸಿಕೊಂಡಳು.
"ನಾಯಿ ಮಾಡಿಕೊಡು. ಚಂದ ಬೇಡ.
ಕಚ್ಚುವ ನಾಯಿಯ ಹಾಗಿರಲಿ."

ಹಳೇ ಬೆಂಚಿನ ಕಾಲು ಕೊಯ್ದು ಕೆತ್ತಿದೆ.
ಒಂದು ಕಿವಿ ಹರಿದದ್ದು, ಬೆನ್ನ ಮೇಲೆ ನಿಗುರಿದ ಕೂದಲು.
ಹಲ್ಲಿನ ನಡುವೆ ರೊಟ್ಟಿ: ಪೀಠದ ಬಿಳಿ ಬಿಲ್ಲೆಯಲ್ಲ,
ಬೇಕರಿಯದು, ಅಂಚು ಕರಕಲು.
ಮೊಳೆ ಹೊಡೆದು ನಿಲ್ಲಿಸಿದರೆ
ನಾಯಿಯ ಕಣ್ಣು ನೆಟ್ಟಗೆ ಹುಣ್ಣಿನ ಮೇಲೆ.
ಅಲ್ಲಿ ನಾನು ಬಳಿದ ತಿಳಿಗುಲಾಬಿ.
ಇಂಥ ಗಟ್ಟಿಮುಟ್ಟಾದವನಿಗೆ ರೊಟ್ಟಿ ಯಾಕೆ ತರಬೇಕು ನಾಯಿ?

ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿದೆ.
ಕೆಳಗೆ ಅಪ್ಪನ ಕೆಂಪು. ಅದರ ಕೆಳಗೆ ಇನ್ಯಾರದೋ ಕೆಂಪು.
ಅದಕ್ಕೂ ಕೆಳಗೆ ಉಳಿಯ ಮೊದಲ ಕಚ್ಚು,
ನನ್ನ ಹೆಬ್ಬೆರಳು ಸರಿಯಾಗಿ ಕೂರುವಷ್ಟು ಆಳ.

ಪಾದ್ರಿಗಳಿಗೆ ಏನು ಹೇಳಬೇಕೆಂದು ಇನ್ನೂ ಯೋಚಿಸಿಲ್ಲ.
ನಾಳೆ ವ್ಯಾನು ಬರುತ್ತದೆ. ಬಣ್ಣ ಹಸಿ.

ರಾತ್ರಿ ಕದ ಎಳೆದುಕೊಳ್ಳುವಾಗ ಹೊಳೆಯಿತು,
ಪಕ್ಕದ ಬೀಗದವನ ಅಂಗಡಿ ಎರಡು ದಿನದಿಂದ ತೆರೆದಿಲ್ಲ.
ಒಳಕೋಣೆಯಲ್ಲೇ ಮಲಗುವವನು. ಬಾಡಿಗೆ ಗೋಡೆಯ ಜಗಳದಲ್ಲಿ
ನಮಗೆ ಮಾತು ನಿಂತು ಆರು ವರ್ಷ.
ಕೈಯಲ್ಲಿ ಏನೂ ಇರಲಿಲ್ಲ.
ಸುಮ್ಮನೆ ಒಮ್ಮೆ ಬಾಗಿಲು ಒದ್ದೆ,
ಕಿವಿಗೊಟ್ಟು ನಿಂತೆ.